ಡಬ್ಬಿಗಿಂತ ಮೊದಲು ಫೈಬರ್ ನೋಡಿ: ಮೀಡಿಯಾ ಕನ್ವರ್ಟರ್ ಆಯ್ಕೆಯ ಮಾರ್ಗದರ್ಶಿ

ಈಥರ್ನೆಟ್‌ನ ತಾಮ್ರದ ಕೇಬಲ್‌ಗೆ 100 ಮೀಟರ್ ಗಡಿ. ಕ್ಯಾಟ್5ಇ ಆದರೂ ಅಷ್ಟೇ, ಕ್ಯಾಟ್6 ಆದರೂ ಅಷ್ಟೇ. ಎರಡೂ ತುದಿಯ ಪ್ಯಾಚ್ ಕಾರ್ಡ್‌ಗಳನ್ನು (ಸಾಧನಕ್ಕೆ ಸಿಕ್ಕಿಸುವ ಗಿಡ್ಡ ಕೇಬಲ್‌ಗಳನ್ನು) ಸೇರಿಸಿಯೇ ಈ ಲೆಕ್ಕ. 120 ಮೀಟರ್ ಎಳೆದರೂ ಕೆಲವೊಮ್ಮೆ ದೀಪ ಉರಿಯುತ್ತದೆ, ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಪುಟ್ಟ ಸಂದೇಶ) ಹೋಗುತ್ತದೆ. ಹಾಗಂತ ನಂಬಿದರೆ ಲೋಡ್ ಬಿದ್ದ ದಿನ ಪ್ಯಾಕೆಟ್‌ಗಳು (ಡೇಟಾ ತುಣುಕುಗಳು) ಉದುರಲು ಶುರುವಾಗುತ್ತವೆ. ಗೇಟಿನ ಕ್ಯಾಮೆರಾ, ಪಕ್ಕದ ಕಟ್ಟಡದ ಸ್ವಿಚ್, ದೂರದ ಪಂಪ್‌ಹೌಸಿನ ಕಂಟ್ರೋಲರ್: ಇವೆಲ್ಲ ಆ ಗಡಿಯ ಆಚೆಯೇ ಇರುತ್ತವೆ. ಅಲ್ಲಿಗೆ ಫೈಬರ್ ಹಾಕಬೇಕು. ಆದರೆ ತುದಿಯಲ್ಲಿರುವ ಸಾಧನಕ್ಕೆ ಇರುವುದು ಆರ್‌ಜೆ45 ಪೋರ್ಟ್ (ತಾಮ್ರದ ಕೇಬಲ್ ಸಿಕ್ಕಿಸುವ ಕಿಂಡಿ) ಮಾತ್ರ. ಈ ಎರಡನ್ನೂ ಬೆಸೆಯುವ ಪುಟ್ಟ ಡಬ್ಬಿಯೇ ಮೀಡಿಯಾ ಕನ್ವರ್ಟರ್.

ದೂರ ಕಡಿಮೆಯಿದ್ದರೂ ಫೈಬರ್ ಹಾಕಲೇಬೇಕಾದ ಸಂದರ್ಭ ಒಂದಿದೆ. ಎರಡು ಕಟ್ಟಡಗಳ ಅರ್ತಿಂಗ್ ಬೇರೆ ಬೇರೆಯಾಗಿದ್ದರೆ ಅವುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಹುಟ್ಟುತ್ತದೆ. ಹತ್ತಿರದಲ್ಲಿ ಸಿಡಿಲು ಬಿದ್ದಾಗಲಂತೂ ತಾಮ್ರದ ಕೇಬಲ್ ಆ ಏಟನ್ನು ನೇರವಾಗಿ ಪೋರ್ಟಿಗೇ ತಂದು ಸುರಿಯುತ್ತದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಕಟ್ಟಡದಿಂದ ಕಟ್ಟಡಕ್ಕೆ 40 ಮೀಟರೇ ಇದ್ದರೂ ನನ್ನ ಮಾತು ಫೈಬರ್ ಪರ. ಒಂದು ಎಚ್ಚರ: ಕೇಬಲ್ಲಿನೊಳಗೆ ಉಕ್ಕಿನ ಆರ್ಮರ್ ಅಥವಾ ತಂತಿ ಇದ್ದರೆ ಅದನ್ನು ಸರಿಯಾಗಿ ಅರ್ತ್ ಮಾಡಬೇಕು. ಇಲ್ಲವಾದರೆ ಲೋಹವೇ ಇಲ್ಲದ ಕೇಬಲ್ ಆರಿಸಿಕೊಳ್ಳಿ.

ಅಂಗಡಿಗೆ ಹೋಗಿ "ಒಂದು ಜೊತೆ ಕನ್ವರ್ಟರ್ ಕೊಡಿ" ಎಂದರೆ ಯಾವುದೋ ಒಂದನ್ನು ಕೊಟ್ಟುಬಿಡುತ್ತಾರೆ. ಅದು ನಿಮ್ಮ ಫೈಬರ್‌ಗೆ ಹೊಂದುತ್ತದೆ ಎಂಬ ಖಾತ್ರಿಯಿಲ್ಲ. ಆಯ್ಕೆ ಶುರುವಾಗಬೇಕಾದ್ದು ಫೈಬರ್‌ನಿಂದ. ಡಬ್ಬಿಯ ಬ್ರ್ಯಾಂಡು, ಬೆಲೆ ಎಲ್ಲ ಆಮೇಲೆ.

ಡಬ್ಬಿಯೊಳಗೆ ಏನಾಗುತ್ತದೆ

ಕನ್ವರ್ಟರ್‌ಗಳಲ್ಲಿ ಎರಡು ಜಾತಿ. ಒಂದು, ವಿದ್ಯುತ್ ಸಂಕೇತವನ್ನು ಬೆಳಕಿನ ಸಂಕೇತವಾಗಿಸಿ ಹಾಗೆಯೇ ದಾಟಿಸುವಂಥದ್ದು. ಫ್ರೇಮಿನೊಳಗೆ (ಡೇಟಾದ ಒಂದು ಕಂತಿನೊಳಗೆ) ಏನಿದೆ, ವಿಎಲ್ಎಎನ್ ಟ್ಯಾಗ್ (ಅದು ಯಾವ ಒಳಜಾಲದ್ದೆಂಬ ಗುರುತು) ಇದೆಯೇ, ಗಾತ್ರ ಎಷ್ಟು ಎಂದು ಅದು ನೋಡುವುದಿಲ್ಲ. ಎರಡೂ ಬದಿಯ ವೇಗ ಒಂದೇ ಇರಬೇಕು, ಅಷ್ಟೇ. ಇನ್ನೊಂದು, ಒಳಗೆ ಎರಡು ಪೋರ್ಟಿನ ಸ್ವಿಚ್ ಇರುವಂಥದ್ದು. ತಾಮ್ರದ ಬದಿ 10, 100 ಅಥವಾ 1000 ಎಂಬಿಪಿಎಸ್ ಯಾವುದಕ್ಕೂ ಹೊಂದಿಕೊಂಡು ಫೈಬರ್ ಬದಿ 1000ದಲ್ಲೇ ಓಡುವ ಕನ್ವರ್ಟರ್ ಈ ಎರಡನೇ ಜಾತಿಯದು. ಇದು ಇಡೀ ಫ್ರೇಮನ್ನು ಪಡೆದುಕೊಂಡು ಆಮೇಲೆ ಮುಂದೆ ಕಳಿಸುತ್ತದೆ. 1518 ಬೈಟಿನ ಫ್ರೇಮ್‌ಗೆ 100 ಎಂಬಿಪಿಎಸ್‌ನಲ್ಲಿ ಸುಮಾರು 121 ಮೈಕ್ರೋಸೆಕೆಂಡ್, ಗಿಗಾಬಿಟ್‌ನಲ್ಲಿ 12 ಮೈಕ್ರೋಸೆಕೆಂಡ್ ತಡವಾಗುತ್ತದೆ. ಕ್ಯಾಮೆರಾಗೂ ಕಚೇರಿಯ ಕೆಲಸಕ್ಕೂ ಇದು ಲೆಕ್ಕಕ್ಕೇ ಇಲ್ಲ. ಆದರೆ ಯಂತ್ರಗಳ ನಿಯಂತ್ರಣ, ಕರಾರುವಾಕ್ಕಾದ ಸಮಯ ಹೊಂದಾಣಿಕೆ ಇರುವ ಕಡೆ ಲೆಕ್ಕಕ್ಕೆ ಬರುತ್ತದೆ. ಸ್ಟೋರೇಜ್‌ಗಾಗಿ ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ಫ್ರೇಮ್) ಬಳಸುವವರು ಈ ಎರಡನೇ ಜಾತಿಯ ಡೇಟಾಶೀಟಿನಲ್ಲಿ ಗರಿಷ್ಠ ಫ್ರೇಮ್ ಗಾತ್ರ ಎಷ್ಟೆಂದು ನೋಡಲೇಬೇಕು. ನೋಡದಿದ್ದರೆ ಸಣ್ಣ ಪಿಂಗ್ ಹೋಗುತ್ತದೆ, ದೊಡ್ಡ ಫೈಲ್ ಮಾತ್ರ ಹೋಗುವುದಿಲ್ಲ.

ಹೆಜ್ಜೆ 1: ನಿಜಕ್ಕೂ ಕನ್ವರ್ಟರ್ ಬೇಕೇ?

ಮೊದಲು ಸ್ವಿಚ್‌ನ ಮುಖ ನೋಡಿ. ಬಲತುದಿಯಲ್ಲಿ ಒಂದೆರಡು ಖಾಲಿ ಎಸ್‌ಎಫ್‌ಪಿ ಸ್ಲಾಟ್ (ಫೈಬರ್ ಜೋಡಿಸುವ ಪುಟ್ಟ ಮಾಡ್ಯೂಲ್ ತೂರಿಸುವ ಕಿಂಡಿ) ಇದ್ದರೆ ಆ ಬದಿಗೆ ಕನ್ವರ್ಟರ್ ಬೇಡ. ಎಸ್‌ಎಫ್‌ಪಿ ಮಾಡ್ಯೂಲ್ ಒಂದು ಸಾಕು. ಒಂದು ಅಡಾಪ್ಟರ್ ಕಡಿಮೆ, ಕೆಡುವ ವಸ್ತುವೂ ಒಂದು ಕಡಿಮೆ. ಕನ್ವರ್ಟರ್‌ಗಳನ್ನು ಜೊತೆಯಾಗಿಯೇ ಹಾಕಬೇಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಹಾಗೇನಿಲ್ಲ. ಒಂದು ತುದಿಯಲ್ಲಿ ಸ್ವಿಚ್‌ನ ಎಸ್‌ಎಫ್‌ಪಿ, ಇನ್ನೊಂದು ತುದಿಯಲ್ಲಿ ಬೇರೆ ಕಂಪನಿಯ ಕನ್ವರ್ಟರ್ ಇದ್ದರೂ ಎರಡೂ ಒಂದೇ ಈಥರ್ನೆಟ್ ಮಾನದಂಡ ಪಾಲಿಸುತ್ತಿದ್ದರೆ ಕೆಲಸ ನಡೆಯುತ್ತದೆ. ಜೊತೆಯಾಗಿರಲೇಬೇಕಾದ್ದು ಬೆಳಕಿನ ತರಂಗಾಂತರ, ವೇಗ ಮತ್ತು ಫೈಬರ್ ಬಗೆ.

ಇಂಟರ್‌ನೆಟ್ ಕಂಪನಿ ಮನೆಗೆ ಎಳೆದ ಫೈಬರ್‌ನ ವಿಷಯ ಬೇರೆ. ಅದು ಸಾಮಾನ್ಯವಾಗಿ ಜಿಪಾನ್ ಮಾದರಿಯದು: ಒಂದೇ ಎಳೆಯನ್ನು ಹಲವು ಮನೆಗಳಿಗೆ ಹಂಚಿ, ಯಾರು ಯಾವಾಗ ಕಳಿಸಬೇಕೆಂದು ಕಂಪನಿಯ ಕಡೆಯ ಯಂತ್ರವೇ ಸರದಿ ಹೇಳುತ್ತದೆ. ಅಲ್ಲಿ ಆ ಸರದಿಯನ್ನು ಪಾಲಿಸುವ ಓಎನ್‌ಟಿ ಎಂಬ ಸಾಧನವೇ ಬೇಕು. ಅದನ್ನು ಕಿತ್ತು ಮೀಡಿಯಾ ಕನ್ವರ್ಟರ್ ಸಿಕ್ಕಿಸಿದರೆ ಏನೂ ಆಗುವುದಿಲ್ಲ. ಸಾಲದ್ದಕ್ಕೆ, ಅದು ಸರದಿಯಿಲ್ಲದೆ ಬೆಳಕು ಬಿಟ್ಟರೆ ಅದೇ ಎಳೆಯ ನೆರೆಹೊರೆಯವರ ಸಂಪರ್ಕವೂ ಕೆಡಬಹುದು.

ಹೆಜ್ಜೆ 2: ಫೈಬರ್ ಯಾವುದು, ಎಷ್ಟು ಕೋರ್?

ಫೈಬರ್‌ನಲ್ಲಿ ಎರಡು ಬಗೆ. ಸಿಂಗಲ್ ಮೋಡ್ ಫೈಬರ್‌ನ ಒಳತಿರುಳು (ಬೆಳಕು ಸಾಗುವ ಭಾಗ) ಸುಮಾರು 9 ಮೈಕ್ರಾನ್. ಮಲ್ಟಿಮೋಡ್‌ನದು 50 ಅಥವಾ 62.5 ಮೈಕ್ರಾನ್. ಹೊರಗಿನ ಗಾಜು ಎರಡರಲ್ಲೂ 125 ಮೈಕ್ರಾನ್ ಆದ್ದರಿಂದ ಕನೆಕ್ಟರ್ ಎರಡಕ್ಕೂ ಸಲೀಸಾಗಿ ಕೂರುತ್ತದೆ. ಎಡವಟ್ಟಾಗುವುದು ಇಲ್ಲೇ. ಮಲ್ಟಿಮೋಡ್‌ನಿಂದ ಸಿಂಗಲ್ ಮೋಡ್‌ಗೆ ಬೆಳಕು ದಾಟುವಾಗ ಬಹುಪಾಲು ಹೊರಗೇ ಚೆಲ್ಲಿಹೋಗುತ್ತದೆ, ಆದರೆ ಕಣ್ಣಿಗೆ ಎಲ್ಲ ಸರಿಯಾಗಿ ಜೋಡಿಸಿದಂತೆಯೇ ಕಾಣುತ್ತದೆ.

ಪ್ಯಾಚ್ ಕಾರ್ಡಿನ ಬಣ್ಣ ಮೊದಲ ಸುಳಿವು. ಹಳದಿ ಇದ್ದರೆ ಸಿಂಗಲ್ ಮೋಡ್, ಕಿತ್ತಳೆ ಇದ್ದರೆ ಹಳೆಯ ಮಲ್ಟಿಮೋಡ್ (ಓಎಂ1, ಓಎಂ2), ತಿಳಿ ನೀಲಿ-ಹಸಿರು ಇದ್ದರೆ ಹೊಸ ಮಲ್ಟಿಮೋಡ್ (ಓಎಂ3 ಅಥವಾ ಓಎಂ4). ಹೊರಾಂಗಣದ ಕೇಬಲ್ ಮಾತ್ರ ಯಾವುದೇ ಇರಲಿ, ಮೈಯೆಲ್ಲ ಕಪ್ಪು. ಅದರ ಮೇಲೆ ಮುದ್ರಿಸಿದ ಸಾಲನ್ನೇ ಓದಬೇಕು: 9/125 ಅಥವಾ ಓಎಸ್2 ಎಂದಿದ್ದರೆ ಸಿಂಗಲ್ ಮೋಡ್, 50/125 ಅಥವಾ 62.5/125 ಎಂದಿದ್ದರೆ ಮಲ್ಟಿಮೋಡ್. ಬಣ್ಣಕ್ಕೂ ಮುದ್ರಣಕ್ಕೂ ತಾಳೆಯಾಗದಿದ್ದರೆ ಮುದ್ರಣವನ್ನೇ ನಂಬಿ.

ಇನ್ನೂ ಕೇಬಲ್ ಹಾಕಿಲ್ಲ, ಆಯ್ಕೆ ನಿಮ್ಮದೇ ಎಂದಾದರೆ ಸಿಂಗಲ್ ಮೋಡ್ ಹಾಕಿ. ದೂರ 200 ಮೀಟರೇ ಇರಲಿ. ಇಂದು ಗಿಗಾಬಿಟ್‌ಗೆ ಹಾಕಿದ ಅದೇ ಎಳೆಯ ಮೇಲೆ ನಾಳೆ ತುದಿಯ ಸಾಧನ ಬದಲಿಸಿ 10 ಗಿಗಾಬಿಟ್ ಓಡಿಸಬಹುದು. ಹಳೆಯ 62.5 ಮೈಕ್ರಾನ್ ಮಲ್ಟಿಮೋಡ್‌ನಲ್ಲಿ ಸಾಮಾನ್ಯ 10 ಗಿಗಾಬಿಟ್ ಮಾಡ್ಯೂಲ್ 33 ಮೀಟರಿಗೇ ಸುಸ್ತಾಗುತ್ತದೆ.

ಇನ್ನು ಕೋರ್, ಅಂದರೆ ಕೇಬಲ್ಲಿನೊಳಗಿನ ಗಾಜಿನ ಎಳೆಗಳನ್ನು ಎಣಿಸಿ. ಮಾಮೂಲಿ ಕನ್ವರ್ಟರ್‌ಗೆ ಕಳಿಸಲು ಒಂದು, ಪಡೆಯಲು ಒಂದು, ಹೀಗೆ ಎರಡು ಕೋರ್ ಬೇಕು. ಒಂದೇ ಕೋರ್ ಉಳಿದಿದ್ದರೆ ಬೈಡೈ ಮಾದರಿ ಕೊಳ್ಳಬೇಕು. ಅದು ಹೋಗುವ ಬೆಳಕಿಗೂ ಬರುವ ಬೆಳಕಿಗೂ ಬೇರೆ ಬೇರೆ ತರಂಗಾಂತರ ಬಳಸುತ್ತದೆ. ಒಂದು ತುದಿಯದು 1310 ನ್ಯಾನೋಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಪಡೆದರೆ ಇನ್ನೊಂದು ತುದಿಯದು ಇದಕ್ಕೆ ತದ್ವಿರುದ್ಧ. ಇದನ್ನು ಎ ಮತ್ತು ಬಿ ಎಂದು ಗುರುತಿಸಿ ಮಾರುತ್ತಾರೆ. ಎರಡು ಎ ತಂದರೆ ಜನ್ಮದಲ್ಲಿ ಲಿಂಕ್ ಬರುವುದಿಲ್ಲ. 1310/1490 ಎಂಬ ಜೋಡಿಯೂ ಇದೆ. ಅದನ್ನು 1310/1550ರ ಜೊತೆ ಬೆರೆಸಬೇಡಿ. ಇಲ್ಲಿ ಮಾತ್ರ ಎರಡೂ ತುದಿಗೆ ಒಂದೇ ಕಂಪನಿಯ ಜೊತೆಯನ್ನೇ ತರುವುದು ಜಾಣತನ, ಜೊತೆಗೆ ಕೆಟ್ಟರೆ ಬದಲಿಸಲು ಎ ಒಂದು, ಬಿ ಒಂದು.

ಹೆಜ್ಜೆ 3: ವೇಗ ಮತ್ತು ಮಾನದಂಡದ ಹೆಸರು

ಡಬ್ಬಿಯ ಮೇಲೆ ಬರೆದ ಹೆಸರು ಬಹಳಷ್ಟು ಹೇಳುತ್ತದೆ. 100ಬೇಸ್-ಎಫ್‌ಎಕ್ಸ್ ಎಂದರೆ 100 ಎಂಬಿಪಿಎಸ್, ಮಲ್ಟಿಮೋಡ್‌ನಲ್ಲಿ 2 ಕಿಲೋಮೀಟರ್. 1000ಬೇಸ್-ಎಸ್‌ಎಕ್ಸ್ ಎಂದರೆ 850 ನ್ಯಾನೋಮೀಟರ್‌ನ ಗಿಗಾಬಿಟ್; 50 ಮೈಕ್ರಾನ್ ಮಲ್ಟಿಮೋಡ್‌ನಲ್ಲಿ 550 ಮೀಟರ್‌ವರೆಗೆ, 62.5 ಮೈಕ್ರಾನ್‌ನಲ್ಲಿ ಕೇಬಲ್ಲಿನ ಗುಣಮಟ್ಟ ನೋಡಿಕೊಂಡು 220ರಿಂದ 275 ಮೀಟರ್. 1000ಬೇಸ್-ಎಲ್‌ಎಕ್ಸ್ ಎಂದರೆ 1310 ನ್ಯಾನೋಮೀಟರ್. ಮಾನದಂಡದಲ್ಲಿ ಸಿಂಗಲ್ ಮೋಡ್‌ಗೆ 5 ಕಿಲೋಮೀಟರ್ ಎಂದಿದ್ದರೂ ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನವು 10 ಕಿಲೋಮೀಟರ್ ಸಾಗುವಂಥವು.

ಒಂದು ಮಾತನ್ನು ಒತ್ತಿ ಹೇಳಬೇಕು: ತಾಮ್ರದ ಪೋರ್ಟುಗಳ ಹಾಗೆ ಫೈಬರ್ ಪೋರ್ಟುಗಳು ತಮ್ಮಷ್ಟಕ್ಕೆ 100ಕ್ಕೋ 1000ಕ್ಕೋ ಇಳಿದು ಹತ್ತಿ ಹೊಂದಿಕೊಳ್ಳುವುದಿಲ್ಲ. 100ರ ಕನ್ವರ್ಟರ್ ಎದುರು 1000ದ ಕನ್ವರ್ಟರ್ ಇಟ್ಟರೆ ಎರಡೂ ಕತ್ತಲೆ. ಎಸ್‌ಎಫ್‌ಪಿ ಸ್ಲಾಟ್ ಇರುವ ಕನ್ವರ್ಟರ್ ಕೊಂಡರೆ ಮುಂದೆ ಮಾಡ್ಯೂಲ್ ಬದಲಿಸುವ ಅನುಕೂಲವಿದೆ, ಆದರೆ ಸ್ಲಾಟಿನ ವೇಗಕ್ಕೆ ಸರಿಯಾದ ಮಾಡ್ಯೂಲನ್ನೇ ತರಬೇಕು. ಹೊಸದಾಗಿ ಕೊಳ್ಳುವವರಿಗೆ ಗಿಗಾಬಿಟ್ ಸಾಕು. 100ರದನ್ನು ಹಳೆಯ ಸಾಧನಕ್ಕೆ ಹೊಂದಿಸಬೇಕಾದಾಗ ಮಾತ್ರ ತನ್ನಿ.

ಹೆಜ್ಜೆ 4: ಬೆಳಕಿನ ಲೆಕ್ಕ ಹಾಕಿ

"20 ಕಿಲೋಮೀಟರ್" ಎಂದು ಡಬ್ಬಿಯ ಮೇಲಿರುವುದು ಅಂದಾಜು. ಬೆಳಕು ದಾರಿಯಲ್ಲಿ ಎಷ್ಟು ಸೋರುತ್ತದೆ, ಆ ಸೋರಿಕೆಯನ್ನು ಸಾಧನ ತಾಳುತ್ತದೆಯೇ ಎಂಬುದೇ ನಿಜವಾದ ಅಳತೆ. ಲೆಕ್ಕ ಕಷ್ಟವೇನಲ್ಲ, ಕೂಡಿ ಕಳೆಯಲು ಬಂದರೆ ಸಾಕು.

7 ಕಿಲೋಮೀಟರ್ ಸಿಂಗಲ್ ಮೋಡ್ ಎಂದುಕೊಳ್ಳಿ. 1310ರಲ್ಲಿ ಕಿಲೋಮೀಟರಿಗೆ 0.4 ಡಿಬಿಯಂತೆ (ಡಿಬಿ ಎಂದರೆ ಬೆಳಕಿನ ನಷ್ಟದ ಅಳತೆ) 2.8 ಡಿಬಿ. ದಾರಿಯಲ್ಲಿ ನಾಲ್ಕು ಕನೆಕ್ಟರ್ ಜೋಡಣೆ, ಒಂದಕ್ಕೆ 0.5ರಂತೆ 2 ಡಿಬಿ. ಮೂರು ಸ್ಪ್ಲೈಸ್ (ಎಳೆಗೆ ಎಳೆ ಬೆಸೆದ ಜಾಗ), ತಲಾ 0.1ರಂತೆ 0.3. ಒಟ್ಟು 5.1 ಡಿಬಿ. ಮುಂದೆ ಎಲ್ಲೋ ಕೇಬಲ್ ತುಂಡಾಗಿ ಮತ್ತೆ ಸ್ಪ್ಲೈಸ್ ಮಾಡಬೇಕಾಗಬಹುದು, ಕನೆಕ್ಟರ್‌ಗೆ ಧೂಳು ಕೂರಬಹುದು. ಅದಕ್ಕೆಂದು 3 ಡಿಬಿ ಕೈಯಲ್ಲಿಟ್ಟುಕೊಳ್ಳಿ. 8.1 ಆಯಿತು.

ಈಗ ಡೇಟಾಶೀಟ್ ತೆರೆಯಿರಿ. ಕನಿಷ್ಠ ಕಳಿಸುವ ಬಲ -9 ಡಿಬಿಎಂ, ಪಡೆಯುವ ಸಾಮರ್ಥ್ಯ -19.5 ಡಿಬಿಎಂ (ಡಿಬಿಎಂ ಎಂದರೆ ಬೆಳಕಿನ ಬಲದ ಅಳತೆ) ಎಂದಿದ್ದರೆ ಇವೆರಡರ ಅಂತರ 10.5 ಡಿಬಿ. ನಮಗೆ ಬೇಕಿದ್ದು 8.1, ಈ ಡಬ್ಬಿ ಸಾಕು. ಸರಾಸರಿ ಅಥವಾ ಗರಿಷ್ಠ ಬಲದ ಅಂಕಿ ಹಿಡಿದು ಲೆಕ್ಕ ಹಾಕಬೇಡಿ. ಕನಿಷ್ಠದ ಅಂಕಿಯನ್ನೇ ಕೊಡದ ಡೇಟಾಶೀಟ್ ಇದ್ದರೆ ನಾನಂತೂ ಆ ಮಾದರಿಯ ತಂಟೆಗೆ ಹೋಗುವುದಿಲ್ಲ.

ಹೆಚ್ಚಿದ್ದಷ್ಟು ಒಳ್ಳೆಯದು ಎಂದು 80 ಕಿಲೋಮೀಟರಿನದನ್ನು ತಂದು 1 ಕಿಲೋಮೀಟರಿಗೆ ಹಾಕುವವರಿದ್ದಾರೆ. ಅಂಥ ಮಾಡ್ಯೂಲ್ 0ರಿಂದ 5 ಡಿಬಿಎಂ ಬಲದಲ್ಲಿ ಬೆಳಕು ಬಿಡುತ್ತದೆ. ಆ ಕಡೆಯದು ತಾಳುವುದು ಸಾಮಾನ್ಯವಾಗಿ -3 ಡಿಬಿಎಂವರೆಗೆ ಮಾತ್ರ. ಗಿಡ್ಡ ದಾರಿಯಲ್ಲಿ ಬೆಳಕು ಕುಗ್ಗುವುದೇ ಇಲ್ಲ, ಪಡೆಯುವ ಭಾಗಕ್ಕೆ ಕಣ್ಣು ಕುಕ್ಕಿದಂತಾಗಿ ದೋಷಗಳು ಏರುತ್ತವೆ, ಕೆಲವೊಮ್ಮೆ ಆ ಭಾಗವೇ ಸುಟ್ಟುಹೋಗುತ್ತದೆ. ಬಳಸಲೇಬೇಕೆಂದರೆ ನಡುವೆ 10 ಡಿಬಿಯ ಅಟೆನ್ಯೂಯೇಟರ್ (ಬೆಳಕನ್ನು ಬೇಕೆಂದೇ ಕುಗ್ಗಿಸುವ ತುಣುಕು) ಹಾಕಬೇಕು. ಹತ್ತಿರದ ದಾರಿಗೆ ಹತ್ತಿರದ ಮಾಡ್ಯೂಲ್ ಸರಿ.

ಹೆಜ್ಜೆ 5: ಕನೆಕ್ಟರ್

ಎಸ್‌ಸಿ ಚೌಕಾಕಾರದ್ದು, ದೊಡ್ಡದು. ಹಳೆಯ ಮತ್ತು ಅಗ್ಗದ ಕನ್ವರ್ಟರ್‌ಗಳಲ್ಲಿ ಹೆಚ್ಚು. ಎಲ್‌ಸಿ ಅದರ ಅರ್ಧದಷ್ಟು, ಎಸ್‌ಎಫ್‌ಪಿಗಳಲ್ಲಿ ಇರುವುದು ಇದೇ. ಎಸ್‌ಟಿ ದುಂಡಗೆ, ತಿರುಗಿಸಿ ಲಾಕ್ ಮಾಡುವಂಥದ್ದು. ಒಂದು ತುದಿ ಎಸ್‌ಸಿ, ಇನ್ನೊಂದು ತುದಿ ಎಲ್‌ಸಿ ಇರುವ ಪ್ಯಾಚ್ ಕಾರ್ಡ್ ಸಿಗುವುದರಿಂದ ಇದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ತಲೆ ಕೆಡಿಸಿಕೊಳ್ಳಬೇಕಾದ್ದು ಬಣ್ಣಕ್ಕೆ: ಹಸಿರು ಕನೆಕ್ಟರ್‌ನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಓರೆಯಿಲ್ಲದ್ದು. ಹಸಿರನ್ನು ನೀಲಿಗೆ ಸಿಕ್ಕಿಸಿದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ, ತುದಿಗೆ ಗೀರು ಬೀಳುವ ಸಾಧ್ಯತೆಯೂ ಇದೆ. ಈಥರ್ನೆಟ್ ಕನ್ವರ್ಟರ್‌ಗಳಿಗೆ ಬೇಕಾದ್ದು ಬಹುತೇಕ ಯಾವಾಗಲೂ ಓರೆಯಿಲ್ಲದ್ದೇ.

ಹೆಜ್ಜೆ 6: ಪುಟ್ಟ ಸ್ವಿಚ್ಚುಗಳು, ದೊಡ್ಡ ತಲೆನೋವು

ಕನ್ವರ್ಟರ್‌ನ ಮೈಮೇಲೆ ಸಾಲಾಗಿ ಇರುವ ಪುಟಾಣಿ ಡಿಪ್ ಸ್ವಿಚ್ಚುಗಳನ್ನು (ಸೆಟ್ಟಿಂಗ್ ಬದಲಿಸುವ ಗುಂಡಿಗಳನ್ನು) ಯಾರೂ ನೋಡುವುದಿಲ್ಲ. ನನ್ನ ಲೆಕ್ಕದಲ್ಲಿ ಕಾಸು ಹೆಚ್ಚು ಕೊಟ್ಟರೂ ಸರಿ, ಇರಲೇಬೇಕಾದ ಸೌಲಭ್ಯ ಇಲ್ಲಿದೆ: ಎಲ್‌ಎಫ್‌ಪಿ, ಅಂದರೆ ಲಿಂಕ್ ಫಾಲ್ಟ್ ಪಾಸ್ ಥ್ರೂ.

ಇದು ಏಕೆ ಬೇಕು? ಸ್ವಿಚ್ ಮತ್ತು ಕನ್ವರ್ಟರ್ ನಡುವೆ ಒಂದು ಮೀಟರ್ ತಾಮ್ರದ ಕಾರ್ಡ್ ಇದೆ. ಆಚೆ ಎಲ್ಲೋ ಜೆಸಿಬಿ ಫೈಬರನ್ನು ಕಿತ್ತುಹಾಕುತ್ತದೆ. ಸ್ವಿಚ್‌ಗೆ ಅದು ಗೊತ್ತೇ ಆಗುವುದಿಲ್ಲ, ಏಕೆಂದರೆ ಅದರ ಕಣ್ಣಿಗೆ ಕಾಣುವ ಆ ಒಂದು ಮೀಟರ್ ಸರಿಯಾಗಿಯೇ ಇದೆ. ಪೋರ್ಟ್ ಅಪ್ ಎಂದೇ ತೋರಿಸುತ್ತದೆ. ಬದಲಿ ದಾರಿ ಇದ್ದರೂ ಅದಕ್ಕೆ ತಕ್ಷಣ ಹೊರಳುವುದಿಲ್ಲ. ಎರಡು ಲಿಂಕ್‌ಗಳನ್ನು ಎಲ್‌ಎಸಿಪಿ (ಲಿಂಕ್ ಜೀವಂತವೇ ಎಂದು ಎರಡೂ ತುದಿ ಪರಸ್ಪರ ವಿಚಾರಿಸಿಕೊಳ್ಳುವ ವ್ಯವಸ್ಥೆ) ಇಲ್ಲದೆ ಸುಮ್ಮನೆ ಒಟ್ಟುಗೂಡಿಸಿದ್ದರೆ ಟ್ರಾಫಿಕ್ಕಿನ ಒಂದು ಪಾಲು ಸತ್ತ ದಾರಿಗೇ ಹೋಗಿ ಮಾಯವಾಗುತ್ತಿರುತ್ತದೆ. ಎಲ್‌ಎಫ್‌ಪಿ ಆನ್ ಇದ್ದರೆ ಫೈಬರ್ ಸತ್ತ ಕೂಡಲೇ ಕನ್ವರ್ಟರ್ ತಾಮ್ರದ ಪೋರ್ಟನ್ನೂ ಕೆಳಗಿಳಿಸುತ್ತದೆ. ಸ್ವಿಚ್‌ಗೆ ಸುದ್ದಿ ಮುಟ್ಟುತ್ತದೆ. ಆ ತುದಿಯ ತಾಮ್ರ ಕಿತ್ತರೂ ಈ ತುದಿಗೆ ತಿಳಿಯುವಂತೆ ಮಾಡುತ್ತದೆ. ಇದರ ವಿವರ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ಎಲ್‌ಎಫ್‌ಪಿ ನಂಬಿಕೊಳ್ಳುವ ಕಡೆ ಎರಡೂ ತುದಿಗೆ ಒಂದೇ ಮಾದರಿ ಇರಲಿ.

ಆಟೋ ನೆಗೋಶಿಯೇಶನ್, ಅಂದರೆ ಎರಡೂ ಕಡೆಯವು ತಾವೇ ಮಾತಾಡಿಕೊಂಡು ಹೊಂದಿಕೊಳ್ಳುವುದು, ಇನ್ನೊಂದು. ತಾಮ್ರದ ಬದಿಯಲ್ಲಿ ಎರಡೂ ಕಡೆ ಆಟೋ ಬಿಡಿ. ಒಂದು ಕಡೆ 100 ಫುಲ್ ಡ್ಯೂಪ್ಲೆಕ್ಸ್ (ಕಳಿಸುವುದು, ಪಡೆಯುವುದು ಏಕಕಾಲಕ್ಕೆ) ಎಂದು ಕಟ್ಟಿಹಾಕಿ ಇನ್ನೊಂದು ಕಡೆ ಆಟೋ ಬಿಟ್ಟರೆ, ಆಟೋ ಇರುವುದು ಹಾಫ್ ಡ್ಯೂಪ್ಲೆಕ್ಸ್‌ಗೆ (ಒಮ್ಮೆಗೆ ಎರಡರಲ್ಲಿ ಒಂದೇ) ಇಳಿದುಬಿಡುತ್ತದೆ. ಆಮೇಲೆ ಪಿಂಗ್ ಚೆನ್ನಾಗಿರುತ್ತದೆ, ಫೈಲ್ ಕಾಪಿ ಮಾತ್ರ ಆಮೆ ನಡಿಗೆ. ಫೈಬರ್ ಬದಿಯ ಗಿಗಾಬಿಟ್‌ನಲ್ಲೂ ನೆಗೋಶಿಯೇಶನ್ ಇದೆ. ಒಂದು ತುದಿ ಆನ್, ಇನ್ನೊಂದು ತುದಿ ಆಫ್ ಇದ್ದರೆ ಒಂದು ಕಡೆ ಲಿಂಕ್ ದೀಪ ಉರಿದು ಇನ್ನೊಂದು ಕಡೆ ಉರಿಯದ ವಿಚಿತ್ರ ಕಾಣಿಸುತ್ತದೆ.

ಹೆಜ್ಜೆ 7: ಕರೆಂಟ್ ಮತ್ತು ಜಾಗ

ಫೈಬರ್‌ನಲ್ಲಿ ಕರೆಂಟ್ ಬರುವುದಿಲ್ಲ. ಸ್ವಿಚ್‌ನ ಪಿಓಇಯಿಂದ (ತಾಮ್ರದ ನೆಟ್‌ವರ್ಕ್ ಕೇಬಲ್ಲಿನಲ್ಲೇ ಬರುವ ಕರೆಂಟಿನಿಂದ) ಓಡುತ್ತಿದ್ದ ಕ್ಯಾಮೆರಾವನ್ನು ಫೈಬರ್‌ನ ಆಚೆ ತುದಿಗೆ ಒಯ್ದರೆ ಅಲ್ಲಿಯೇ ಕರೆಂಟ್ ಒದಗಿಸಬೇಕು. ಅದಕ್ಕೆ ಪಿಓಇ ಕೊಡುವ ಕನ್ವರ್ಟರ್ ಸಿಗುತ್ತದೆ. 802.3ಎಎಫ್ ಎಂದರೆ ಪೋರ್ಟಿನಿಂದ 15.4 ವ್ಯಾಟ್, ಕೇಬಲ್ ನಷ್ಟ ಕಳೆದು ಸಾಧನಕ್ಕೆ 12.95. 802.3ಎಟಿ ಎಂದರೆ 30 ವ್ಯಾಟ್, ಸಾಧನಕ್ಕೆ 25.5. ತಿರುಗುವ ಕ್ಯಾಮೆರಾಗಳಿಗೆ ಎಎಫ್ ಸಾಲದಿರಬಹುದು. ಕೊಳ್ಳುವಾಗ ಇನ್ನೊಂದು ಗಮನಿಸಿ: ಪಿಓಇ ಕನ್ವರ್ಟರ್ ಎಂದು ಮಾರುವುದರಲ್ಲಿ ಕೆಲವು ಪಿಓಇ ಕೊಡುತ್ತವೆ, ಕೆಲವು ತಾವೇ ಸ್ವಿಚ್‌ನಿಂದ ಪಿಓಇ ಪಡೆದು ಓಡುತ್ತವೆ. ಮೊದಲನೆಯದನ್ನು ಪಿಎಸ್‌ಇ ಎಂದೂ ಎರಡನೆಯದನ್ನು ಪಿಡಿ ಎಂದೂ ಡೇಟಾಶೀಟಿನಲ್ಲಿ ಬರೆದಿರುತ್ತಾರೆ.

ಸಾಮಾನ್ಯ ಡಬ್ಬಿಗಳು 0ಯಿಂದ 40 ಅಥವಾ 50 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದವು. ಬಿಸಿಲಿನಲ್ಲಿ ನಿಂತ ತಗಡಿನ ಪೆಟ್ಟಿಗೆಯೊಳಗೆ ಅದು ಸಾಲದು. ಅಲ್ಲಿಗೆ -40ರಿಂದ 75 ಡಿಗ್ರಿ ತಾಳುವ, ಡಿನ್ ರೈಲಿಗೆ (ಪೆಟ್ಟಿಗೆಯೊಳಗಿನ ಲೋಹದ ಪಟ್ಟಿಗೆ) ಕೂರುವ, ಎರಡು ಡಿಸಿ ಇನ್‌ಪುಟ್ ಇರುವ ಕೈಗಾರಿಕಾ ಮಾದರಿ ಬೇಕು. ಒಂದೇ ಕಡೆ ಹತ್ತಾರು ಕನ್ವರ್ಟರ್ ಬರುವಂತಿದ್ದರೆ ಬಿಡಿಬಿಡಿ ಅಡಾಪ್ಟರ್‌ಗಳ ಜಾತ್ರೆ ಮಾಡದೆ ರ್‍ಯಾಕ್ ಚಾಸಿ (ಹಲವು ಕನ್ವರ್ಟರ್‌ಗಳನ್ನು ಕೂರಿಸಿ ಒಂದೇ ಕಡೆಯಿಂದ ಕರೆಂಟ್ ಕೊಡುವ ಚೌಕಟ್ಟು) ತನ್ನಿ. ಅಥವಾ ಎಸ್‌ಎಫ್‌ಪಿ ಪೋರ್ಟುಗಳೇ ತುಂಬಿದ ಸ್ವಿಚ್ ತಂದರೆ ಇನ್ನೂ ಚೆನ್ನ.

ಹೆಜ್ಜೆ 8: ಮೊದಲು ಮೇಜಿನ ಮೇಲೆ, ಆಮೇಲೆ ಕಂಬದ ಮೇಲೆ

ಎರಡೂ ಕನ್ವರ್ಟರ್‌ಗಳನ್ನು ಮೇಜಿನ ಮೇಲಿಟ್ಟು ಗಿಡ್ಡ ಪ್ಯಾಚ್ ಕಾರ್ಡಿನಿಂದ ಜೋಡಿಸಿ (ದೂರದ ಮಾದರಿಯಾದರೆ ಅಟೆನ್ಯೂಯೇಟರ್ ಮರೆಯಬೇಡಿ). ಈ ಪರೀಕ್ಷೆಗೆ ಎಲ್‌ಎಫ್‌ಪಿ ಆಫ್ ಇರಲಿ. ಆನ್ ಇದ್ದರೆ ಎರಡೂ ಕಡೆ ತಾಮ್ರದ ಸಾಧನ ಜೋಡಿಸುವ ತನಕ ಫೈಬರ್ ದೀಪವೂ ಉರಿಯದೆ, ಚೆನ್ನಾಗಿರುವ ಡಬ್ಬಿಯನ್ನೇ ಕೆಟ್ಟಿದೆ ಎಂದು ವಾಪಸ್ ಕಳಿಸಿಬಿಡುತ್ತೀರಿ. ಮೇಜಿನ ಮೇಲೆ ಎಲ್ಲ ಸರಿಯಾಗಿದ್ದರೆ ಎಲ್‌ಎಫ್‌ಪಿ ಆನ್ ಮಾಡಿ, ಫೈಬರ್ ಕಿತ್ತು ಎರಡೂ ತಾಮ್ರದ ದೀಪ ಆರುತ್ತದೆಯೇ ನೋಡಿ. ಆಮೇಲೆ ನಿಜವಾದ ಜಾಗಕ್ಕೆ ಒಯ್ಯಿರಿ.

ಜೋಡಿಸುವ ಮುನ್ನ ಪ್ರತಿ ತುದಿಯನ್ನೂ ಒರೆಸಿ, ಮುಚ್ಚಳ ಈಗಷ್ಟೇ ತೆಗೆದದ್ದಾದರೂ. ಆ ಪ್ಲಾಸ್ಟಿಕ್ ಮುಚ್ಚಳವೇ ಎಷ್ಟೋ ಸಲ ಧೂಳು ಹತ್ತಿಸಿರುತ್ತದೆ. 9 ಮೈಕ್ರಾನಿನ ಬಾಯಿಗೆ ಕಣ್ಣಿಗೆ ಕಾಣದ ಒಂದು ಕಣವೂ ಬಂಡೆಯೇ. ಅಂಗಿಯ ತುದಿಯಿಂದ ಒರೆಸಬೇಡಿ. ಪೆನ್ನಿನಂತಿರುವ, ಒತ್ತಿದರೆ ಕ್ಲಿಕ್ ಎನ್ನುವ ಕ್ಲೀನರ್ ಇದಕ್ಕೆಂದೇ ಇದೆ. ಉರಿಯುತ್ತಿರುವ ಫೈಬರ್‌ನ ತುದಿಯನ್ನು ಕಣ್ಣಿನೆದುರು ಹಿಡಿಯಲೇಬಾರದು. ಆ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ಮೊಬೈಲ್ ಕ್ಯಾಮೆರಾದಲ್ಲಿ ನೋಡುತ್ತೇನೆ ಎಂಬ ಉಪಾಯವೂ 1310, 1550ಕ್ಕೆ ನಡೆಯುವುದಿಲ್ಲ. ಆ ಸೆನ್ಸರ್‌ಗೆ ಅಷ್ಟು ಉದ್ದದ ತರಂಗ ಕಾಣುವುದೇ ಇಲ್ಲ. ಕಾಣಲಿಲ್ಲವೆಂದು ಬೆಳಕಿಲ್ಲ ಎಂದುಕೊಂಡರೆ ಅಪಾಯ.

ಜೋಡಿಸಿಯೂ ಲಿಂಕ್ ಬಾರದಿದ್ದರೆ ಈ ಕ್ರಮದಲ್ಲಿ ನೋಡುತ್ತ ಬನ್ನಿ. ಪವರ್ ದೀಪ ಎರಡೂ ಕಡೆ ಇದೆಯೇ? ಎರಡು ಕೋರಿನದಾದರೆ ಒಂದು ತುದಿಯಲ್ಲಿ ಮಾತ್ರ ಎರಡೂ ಕೋರ್ ಅದಲುಬದಲು ಮಾಡಿ; ಈ ಕಡೆಯ ಟಿಎಕ್ಸ್ (ಕಳಿಸುವ ಕಿಂಡಿ) ಆ ಕಡೆಯ ಆರ್‌ಎಕ್ಸ್‌ಗೆ (ಪಡೆಯುವ ಕಿಂಡಿಗೆ) ಹೋಗಬೇಕು, ಇದೊಂದರಿಂದಲೇ ಅರ್ಧ ದೂರುಗಳು ಮುಗಿಯುತ್ತವೆ. ಬೈಡೈ ಆದರೆ ಎ ಮತ್ತು ಬಿ ಲೇಬಲ್ ಓದಿ. ಆಮೇಲೆ ತುದಿ ಒರೆಸಿ. ಆಮೇಲೆ ಎರಡೂ ಬದಿ ಕನ್ವರ್ಟರ್‌ನಿಂದ ಬಿಚ್ಚಿ, ಕೆಂಪು ಬೆಳಕಿನ ವಿಎಫ್‌ಎಲ್ ಪೆನ್ನನ್ನು ಒಂದು ತುದಿಗೆ ಹಚ್ಚಿ: ಆಚೆ ಕೆಂಪು ಬಂದರೆ ಎಳೆ ತುಂಡಾಗಿಲ್ಲ, ಸರಿಯಾದ ಎಳೆಯನ್ನೇ ಹಿಡಿದಿದ್ದೀರಿ ಎಂದಷ್ಟೇ ಅರ್ಥ. ನಷ್ಟ ಎಷ್ಟೆಂದು ತಿಳಿಯಲು ಪವರ್ ಮೀಟರ್ ಬೇಕು. ಕನ್ವರ್ಟರ್‌ಗೆ ಡಿಡಿಎಂ ಸೌಲಭ್ಯವಿದ್ದರೆ ಬರುತ್ತಿರುವ ಬೆಳಕಿನ ಬಲವನ್ನು ಅದೇ ತೋರಿಸುತ್ತದೆ. ಹೆಜ್ಜೆ 4ರ ಲೆಕ್ಕದಂತೆ ಬರಬೇಕಾದ ಬಲಕ್ಕಿಂತ (ಕಳಿಸುವ ಬಲದಿಂದ ನಷ್ಟ ಕಳೆದದ್ದು) ಆ ಅಂಕಿ 3 ಡಿಬಿಗೂ ಹೆಚ್ಚು ಕೆಳಗಿದ್ದರೆ ಎಲ್ಲೋ ಕೇಬಲ್ ಬಿಗಿಯಾಗಿ ಮಡಚಿದೆ ಅಥವಾ ಸ್ಪ್ಲೈಸ್ ಕೆಟ್ಟಿದೆ. ಬಾಗಿಲ ಸಂದಿಯಲ್ಲಿ ಸಿಕ್ಕ ಪ್ಯಾಚ್ ಕಾರ್ಡನ್ನು, ಕೇಬಲ್ ಟೈ ಬಿಗಿದ ಜಾಗವನ್ನು ಮೊದಲು ನೋಡಿ.

ಲಿಂಕ್ ಬಂದ ದಿನದ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸಿ: ಮಾದರಿ ಸಂಖ್ಯೆ, ಎ ಅಥವಾ ಬಿ, ಯಾವ ಕೋರ್, ಡಿಪ್ ಸ್ವಿಚ್ಚುಗಳು ಹೇಗಿವೆ, ಎಷ್ಟು ಡಿಬಿಎಂ ಬರುತ್ತಿದೆ. ಅಲ್ಲೇ ಮೂಲೆಯಲ್ಲಿ ಅದೇ ವೋಲ್ಟೇಜಿನ ಒಂದು ಹೆಚ್ಚುವರಿ ಅಡಾಪ್ಟರ್ ಇಟ್ಟುಬಿಡಿ. ಕನ್ವರ್ಟರ್‌ಗಿಂತ ಮೊದಲು ಕೈಕೊಡುವುದು ಸಾಮಾನ್ಯವಾಗಿ ಅದೇ.